ಪೆಟ್ಟಿಗೆ ಸಿಕ್ತು, ಒಳಗೇನಿದೆ?

ಯರಮರಸಿನಲ್ಲಿ ವಿಮಾನ ನಿಲ್ದಾಣ ಬರ್ತದೆ, ಬರ್ತದೆ ಅಂತ ರಾಯಚೂರಿನವರು ವರ್ಷಗಟ್ಟಲೆ ಕೇಳ್ತಾನೇ ಇದ್ದೀವಿ. ಅಲ್ಲಿವರೆಗೆ ದೇವದುರ್ಗದವರಿರಲಿ, ಮಾನ್ವಿಯವರಿರಲಿ, ಕೊಲ್ಲಿಗೆ ದುಡಿಯೋಕೆ ಹೊರಟವರ ದಾರಿ ಹೆಚ್ಚಾಗಿ ರಾಯಚೂರು, ಆಮೇಲೆ ಹೈದರಾಬಾದಿನ ಶಂಶಾಬಾದ್. ಊರಲ್ಲಿ ರನ್‌ವೇ ಇಲ್ಲದಿದ್ರೇನು, ಎಲ್ಲೋ ವಿಮಾನ ಬಿತ್ತು ಅಂತ ಟಿವಿಯಲ್ಲಿ ಬಂದ ದಿನ ಚಹಾದಂಗಡಿಯಲ್ಲಿ ಎಲ್ಲರೂ ಕೇಳೋದು ಒಂದೇ: "ಬ್ಲ್ಯಾಕ್ ಬಾಕ್ಸ್ ಸಿಕ್ತೇನ್ರೀ?"

ನನ್ನ ಪ್ರಶ್ನೆ ಬೇರೆ. ಸಿಕ್ತು ಅಂತಿಟ್ಕೊಳ್ರಿ. ಅದರೊಳಗೆ ಬೇಕಾದದ್ದು ಇರ್ತದಾ?

ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳೋಣ. 2010ರ ಮೇ 22, ಬೆಳಿಗ್ಗೆ ಆರರ ಹೊತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಮಂಗಳೂರಿನ ಬಜ್ಪೆಯಲ್ಲಿ ಇಳಿಯೋವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದವರು 166 ಜನ, ಉಳಿದವರು ಎಂಟೇ ಎಂಟು. ಎರಡು ಪೆಟ್ಟಿಗೆಗಳಲ್ಲಿ ಒಂದಾದ, ಸುಟ್ಟುಹೋಗಿದ್ದ ಡೇಟಾ ರೆಕಾರ್ಡರನ್ನು ಓದಿಸೋಕೆ ಅಮೆರಿಕಕ್ಕೆ ಒಯ್ಯಬೇಕಾಯ್ತು.

ಕಾಕ್‌ಪಿಟ್ ಧ್ವನಿ ರೆಕಾರ್ಡರಿನಲ್ಲಿ, ಅಂದ್ರೆ ಇನ್ನೊಂದು ಪೆಟ್ಟಿಗೆಯಲ್ಲಿ, ಎರಡು ಗಂಟೆ ಐದು ನಿಮಿಷದ ಆಡಿಯೋ ಇತ್ತು. ಮೊದಲ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳ ನಡುವೆ ಮಾತುಕತೆಯೇ ಇಲ್ಲ. ಕೇಳಿಸಿದ್ದು ಕ್ಯಾಪ್ಟನ್ನರ ಗೊರಕೆ. ನಿದ್ದೆಯಿಂದೆದ್ದ ಮಂಪರಿನಲ್ಲಿ ಅವರ ತೀರ್ಮಾನ ತಪ್ಪಿರಬಹುದು ಅಂತ ವಿಚಾರಣಾ ಸಮಿತಿ ಬರೆಯೋಕೆ ಆಧಾರ ಆಗಿದ್ದೇ ಆ ಗೊರಕೆ. ವಿಮಾನ ತೀರಾ ಮೇಲಿದೆ, ಇಳಿಸಬೇಡಿ, ಮತ್ತೆ ಮೇಲೇರಿಸಿ ಅಂತ ಸಹಪೈಲಟ್ ಮೂರು ಸಲ ಹೇಳಿದ್ದೂ ಅದರಲ್ಲೇ ಇದೆ.

ಈಗ ಸ್ವಲ್ಪ ಲೆಕ್ಕ ಹಾಕ್ರಿ. ಹಿಂದಿನ ಕಾಲದ ಧ್ವನಿ ರೆಕಾರ್ಡರಿಗೆ ಹಿಡೀತಿದ್ದದ್ದು ಬರೀ 30 ನಿಮಿಷ. ಪೆಟ್ರೋಲ್ ಬಂಕಿನ ಸಿಸಿಟಿವಿ ಇದ್ದಂಗೆ, ಹಳೇದರ ಮೇಲೇ ಹೊಸದು ಬರೀತಾ ಹೋಗ್ತದೆ. ಮಂಗಳೂರಿನ ವಿಮಾನದಲ್ಲಿ ಅಂಥದ್ದು ಇದ್ದಿದ್ರೆ, ಒಂದು ಗಂಟೆ ನಲವತ್ತು ನಿಮಿಷದ ನಿದ್ದೆಯಲ್ಲಿ ಸಿಗ್ತಿದ್ದದ್ದು ಕೊನೆಯ ಐದೇ ನಿಮಿಷ. ಅದರಿಂದ ಏನು ತಿಳೀತಿತ್ತು? ಇನ್ನೊಂದು ಕಡೆಯಿಂದ ನೋಡಿದ್ರೆ ಎರಡು ಗಂಟೆಯೂ ಸಾಲಲಿಲ್ಲ. ಹಿಂದಿನ ರಾತ್ರಿ ಇದೇ ಸಿಬ್ಬಂದಿ ಇದೇ ವಿಮಾನವನ್ನು ಮಂಗಳೂರಿನಿಂದ ದುಬೈಗೆ ಒಯ್ದಿದ್ರು. ಆಗ ಕ್ಯಾಪ್ಟನ್ ಎಷ್ಟು ದಣಿದಿದ್ರು, ಇಬ್ಬರ ನಡುವೆ ಮಾತು ಹೇಗಿತ್ತು, ಎಲ್ಲಾ ಅಳಿಸಿಹೋಗಿತ್ತು.

ಅದಕ್ಕೇ ಈಗ 25 ಗಂಟೆಯ ರೆಕಾರ್ಡರ್. ಯುರೋಪಿನಲ್ಲಿ ಹೊಸ ದೊಡ್ಡ ವಿಮಾನಗಳಿಗೆ ಇದು ಕಡ್ಡಾಯ. ಅಮೆರಿಕ ಹಿಂದೇಟು ಹಾಕ್ತಾನೇ ಇತ್ತು. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲಿನಂಥಾ ಫಲಕವೊಂದು ಆಕಾಶದಲ್ಲೇ ಕಿತ್ತುಹೋಯ್ತು. ವಿಮಾನ ಸುರಕ್ಷಿತವಾಗಿ ಇಳೀತು, ಆದ್ರೆ ಸಮಯಕ್ಕೆ ಸರಿಯಾಗಿ ಯಾರೂ ರೆಕಾರ್ಡರ್ ನಿಲ್ಲಿಸಲಿಲ್ಲ. ಎರಡು ಗಂಟೆ ಕಳೀತು, ಆಡಿಯೋ ಅಳಿಸಿಹೋಯ್ತು. ಅದೇ ವರ್ಷ ಅಲ್ಲೂ 25 ಗಂಟೆಯ ಕಾನೂನು ಬಂತು.

ಪೆಟ್ಟಿಗೆಯ ಗಟ್ಟಿತನದ ಬಗ್ಗೆ ನನಗೆ ಚಿಂತೆ ಇಲ್ಲ ಬಿಡ್ರಿ. ಸಾವಿರದ ನೂರು ಡಿಗ್ರಿ ಬೆಂಕಿಯಲ್ಲಿ ಒಂದು ಗಂಟೆ, ಆರು ಸಾವಿರ ಮೀಟರ್ ನೀರಿನಾಳದ ಒತ್ತಡ, ಎಲ್ಲಾ ಪರೀಕ್ಷೆ ಪಾಸಾಗಿಯೇ ಅದು ವಿಮಾನ ಹತ್ತೋದು. ಚಿಂತೆ ಇರೋದು ಕರೆಂಟಿನದ್ದು. ಹೌದು, ಕರೆಂಟು! 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಹೊಟ್ಟೆ ಮೇಲೆ ಇಳಿದು, ಜಾರಿ, ಕಾಂಕ್ರೀಟಿನ ದಿಬ್ಬಕ್ಕೆ ಬಡೀತು. 179 ಜನ ಹೋದ್ರು. ಪೆಟ್ಟಿಗೆಗಳು ಎರಡೂ ಸಿಕ್ಕವು. ತೆಗೆದು ನೋಡಿದ್ರೆ ಕೊನೆಯ ನಾಲ್ಕು ನಿಮಿಷ ಎರಡರಲ್ಲೂ ಇಲ್ಲ. ವಿಮಾನದ ವಿದ್ಯುತ್ ಹೋಗಿತ್ತು, ರೆಕಾರ್ಡರಿಗೆ ಸ್ವಂತ ಬ್ಯಾಟರಿ ಇರಲಿಲ್ಲ. ಮನೆಯವರು ಕೇಳೋ ಪ್ರಶ್ನೆಗಳೆಲ್ಲಾ ಆ ನಾಲ್ಕು ನಿಮಿಷದ್ದೇ. ಹತ್ತು ನಿಮಿಷ ನಡೆಸೋ ಬ್ಯಾಟರಿ ಇಟ್ಟಿದ್ರೆ ಸಾಕಿತ್ತು. ಅಂಥ ಬ್ಯಾಟರಿ ಹೊಸ ವಿಮಾನಗಳಲ್ಲಿ ಬರ್ತದೆ, ಹಳೇವಕ್ಕೆ ಹಾಕಿಸೋಕೆ ಖರ್ಚು ಅಂತ ಕಂಪನಿಗಳು ಮೂಗು ಮುರೀತವೆ. ನನ್ನ ಕೇಳಿದ್ರೆ, ಬೇರೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

"ಅಯ್ಯೋ, ಮೊಬೈಲಿನಿಂದ ಲೈವ್ ಹೋಗ್ತೀವಿ, ವಿಮಾನದಿಂದ ನೇರ ಉಪಗ್ರಹಕ್ಕೆ ಕಳಿಸೋಕೇನು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಪೆಟ್ಟಿಗೆಗಳು ಸುಮಾರು 3,900 ಮೀಟರ್ ಆಳದಿಂದ ಮೇಲೆ ಬರೋಕೆ ಎರಡು ವರ್ಷ ಹಿಡೀತು. ಅಲ್ಲಿವರೆಗೆ ತನಿಖೆಯವರ ಕೈಯಲ್ಲಿ ಮುಖ್ಯವಾಗಿ ಇದ್ದದ್ದು, ವಿಮಾನ ಬೀಳೋ ಮೊದಲು ತಾನಾಗಿಯೇ ಕಳಿಸಿದ್ದ 24 ಚುಟುಕು ಸಂದೇಶ. 2014ರ ಮಲೇಷ್ಯಾದ ಎಂಎಚ್370 ಅಂತೂ ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ಬಂದ ಅಂತರರಾಷ್ಟ್ರೀಯ ನಿಯಮದಂತೆ, ಹೊಸ ದೊಡ್ಡ ವಿಮಾನಗಳು ಕಷ್ಟಕ್ಕೆ ಸಿಕ್ಕಾಗ ನಿಮಿಷಕ್ಕೊಮ್ಮೆಯಾದ್ರೂ ತಾವಿರೋ ಜಾಗ ತಿಳಿಸಬೇಕು. ನೀರಿನಡಿ ಬೀಪ್ ಮಾಡೋ ಯಂತ್ರದ ಆಯುಷ್ಯವೂ 30 ದಿನದಿಂದ 90ಕ್ಕೆ ಏರಿದೆ. ಆದ್ರೆ ಎಲ್ಲವನ್ನೂ ಸದಾ ಆಕಾಶದ ಮೂಲಕ ಕಳಿಸ್ತೀವಿ, ಪೆಟ್ಟಿಗೆಯೇ ಬೇಡ ಅನ್ನೋರ ಮಾತನ್ನ ನಾನು ಪೂರ್ತಿ ನಂಬಲ್ಲ. ವಿಮಾನ ಮಗುಚಿ ತಿರುಗ್ತಾ ಬೀಳೋವಾಗ ಆಂಟೆನಾ ಉಪಗ್ರಹದ ಕಡೆ ಇರ್ತದೆ ಅಂತ ಏನು ಖಾತ್ರಿ? ಅಪಾಯದ ಲಕ್ಷಣ ಕಂಡ ಕೂಡಲೇ ಮುಖ್ಯ ಮಾಹಿತಿ ಕಳಿಸಲಿ, ಪೆಟ್ಟಿಗೆಯೂ ಇರಲಿ.

ಉಳಿದದ್ದು ಕ್ಯಾಮೆರಾ. ದೊಡ್ಡ ಜಗಳ ಇರೋದು ಇಲ್ಲಿ. 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದಲ್ಲಿ 260 ಜನ ಸತ್ತರು. ವಿಮಾನದ ಹಿಂಭಾಗದ ರೆಕಾರ್ಡರ್ ಮಾಮೂಲಿ ವಿಧಾನದಲ್ಲಿ ಓದಲಾಗದಷ್ಟು ಹಾಳಾಗಿತ್ತು, ಮುಂಭಾಗದ್ದರಿಂದ ಮಾಹಿತಿ ಸಿಕ್ತು. ಈ ಸಲ ಅಮೆರಿಕಕ್ಕೆ ಒಯ್ಯಲಿಲ್ಲ. ಎಚ್‌ಎಎಲ್ ನೆರವಿನಿಂದ ದುರಂತಕ್ಕೆ ಎರಡು ತಿಂಗಳ ಹಿಂದಷ್ಟೇ ಶುರುವಾಗಿದ್ದ ದಿಲ್ಲಿಯ ಪ್ರಯೋಗಾಲಯದಲ್ಲೇ ತೆಗೆದರು. ಇಂಧನದ ಎರಡೂ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋದವು ಅಂತ ಪ್ರಾಥಮಿಕ ವರದಿ ಹೇಳ್ತು. ಯಾಕೆ ಬಂದ್ ಮಾಡಿದೆ ಅಂತ ಒಬ್ಬ ಪೈಲಟ್ ಕೇಳ್ತಾರೆ, ನಾನು ಮಾಡಿಲ್ಲ ಅಂತಾರೆ ಇನ್ನೊಬ್ಬರು. ಯಾರು ಯಾರು ಅಂತ ವರದಿ ಹೇಳಲಿಲ್ಲ. ಆ ಒಂದು ಸಾಲು ಇಟ್ಕೊಂಡು ಟಿವಿಯವರು, ಯೂಟ್ಯೂಬಿನವರು ಸತ್ತವರ ಮೇಲೆ ತೀರ್ಪನ್ನೇ ಕೊಟ್ಟುಬಿಟ್ರು.

ಆಡಿಯೋಗೆ ಕೈ ಕಾಣಲ್ಲ, ಸ್ವಿಚ್ ಕಾಣಲ್ಲ. ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಕಾಕ್‌ಪಿಟ್‌ಗೆ ವಿಡಿಯೋ ಬೇಕು ಅಂತ 2000ನೇ ಇಸವಿಯಿಂದ ಹೇಳ್ತಾ ಬಂದಿದೆ. ಪೈಲಟ್ ಸಂಘಗಳು ಒಪ್ತಿಲ್ಲ. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ: ಸತ್ತ ಪೈಲಟ್‌ನ ಕೊನೆಯ ಮುಖ ವಾಟ್ಸಾಪಿನಲ್ಲಿ ಓಡಾಡಿದ್ರೆ ಅವನ ಮಕ್ಕಳ ಗತಿ ಏನು? ನನಗನ್ನಿಸೋದು, ಮುಖ ಹಿಡಿಯೋ ಕ್ಯಾಮೆರಾ ಬೇಡ, ಸ್ವಿಚ್ಚು, ಹಿಡಿಕೆ, ಪರದೆ ಮಾತ್ರ ಕಾಣೋ ಹಾಗೆ ಹಿಂದಿನಿಂದ ಒಂದು ಇರಲಿ. ಅಹಮದಾಬಾದಿನಲ್ಲಿ ಅಷ್ಟೇ ಇದ್ದಿದ್ರೂ ಸ್ವಿಚ್ ಹತ್ತಿರ ಕೈ ಬಂತಾ, ಬರಲಿಲ್ವಾ ಅನ್ನೋದು ಪೆಟ್ಟಿಗೆ ಓದಿದ ದಿನವೇ ಗೊತ್ತಾಗ್ತಿತ್ತು.