ಮೂವತ್ತೈದು ದಾಟಿತೆಂದು ಪಾನಾ ಹಿಡಿಯಲು ಹೆದರಬೇಡಿ

(ಬಿ.ದುರ್ಗದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ನನ್ನ ಓದು ಪಿಯುಸಿಗೆ ನಿಂತಿತು. ವಿದ್ವಾಂಸರ ಹಾಗೆ ಮಾತಾಡಲು ನನಗೆ ಬಾರದು. ಆದರೆ ಒಂದು ಕಸುಬು ಸತ್ತಾಗ ಅದನ್ನು ನಂಬಿದ ಮನೆಯ ಒಲೆ ಏನಾಗುತ್ತದೆ ಎಂಬುದು ಗೊತ್ತು.

ಹಿಂದೆ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವವರಿದ್ದರು. ಒತ್ತಕ್ಷರ, ದೀರ್ಘ, ಎಲ್ಲವೂ ಸೀಸದ ಮೊಳೆ. ಖಾನೆ ನೋಡದೆಯೇ ಕೈ ಅಲ್ಲಿಗೆ ಹೋಗುತ್ತಿತ್ತು. ಕಂಪ್ಯೂಟರ್ ಬಂತು, ಡಿಟಿಪಿ ಬಂತು. ಮೊಳೆಗಳು ತೂಕಕ್ಕೆ ಹೋದವು. ಅವರು ಮನೆಗೆ ಹೋದರು. ಈಗ ಮದುವೆಯ ಕರೆಯೋಲೆಯೂ ವಾಟ್ಸಾಪಿನಲ್ಲಿ ಬರುತ್ತದೆ. ಮೆಷಿನ್ ಓಡಿಸುವವರ ಸರದಿ ಬಂದಿದೆ. ನಾಳೆ ನಿಮ್ಮ ಕೆಲಸದ ಸರದಿ ಬರುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?

ನಮ್ಮಲ್ಲಿ ಮೆಷಿನ್ ಓಡಿಸುತ್ತಿದ್ದವರೊಬ್ಬರು ಮೂವತ್ತೇಳನೆಯ ವಯಸ್ಸಿನಲ್ಲಿ ಪ್ಲಂಬಿಂಗ್ ಕೆಲಸಕ್ಕೆ ಇಳಿದರು. ಎರಡು ಮಕ್ಕಳ ತಂದೆ. ಇಪ್ಪತ್ತರ ಹುಡುಗನ ಕೈಕೆಳಗೆ ಹೆಲ್ಪರ್. ಅವನು 'ಎಲ್ಬೋ ತಗೊಂಬಾ' ಅಂದರೆ ಓಡಬೇಕು. ಊರಿನವರು ನಕ್ಕರು. ಎರಡು ವರ್ಷದಲ್ಲಿ ಕೈ ಪಳಗಿತು. ಆದರೂ ಕಂಟ್ರಾಕ್ಟರನೊಬ್ಬ, 'ನಿನ್ನ ಹತ್ತಿರ ಸರ್ಟಿಫಿಕೇಟ್ ಇಲ್ಲವಲ್ಲ' ಎಂದು ಹೆಲ್ಪರ್ ಕೂಲಿಯನ್ನೇ ಎಣಿಸಿದ. ಕೆಲಸ ಪ್ಲಂಬರನದು, ಕೂಲಿ ಹೆಲ್ಪರನದು! ಆಮೇಲೆ ಅವರು ತರಬೇತಿಗೆ ಕೂತು ಸರ್ಟಿಫಿಕೇಟ್ ತೆಗೆದುಕೊಂಡರು. ಇವತ್ತು ಮನೆಗಳ ಕೆಲಸವನ್ನು ತಾವೇ ಗುತ್ತಿಗೆ ಹಿಡಿಯುತ್ತಾರೆ. ನಗುತ್ತಿದ್ದವರು ಈಗ ಫೋನ್ ಮಾಡಿ ಕಾಯುತ್ತಾರೆ.

ಹಾಗಾದರೆ ದಾರಿ ಯಾವುದು? ಮೂರು ಹೇಳುತ್ತೇನೆ, ಗುರುತು ಹಾಕಿಕೊಳ್ಳಿ.

ಒಂದು, ಐಟಿಐ. ಪ್ಲಂಬರ್ ಟ್ರೇಡ್ ಒಂದು ವರ್ಷದ್ದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಸೇರಲು 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಇದು ಎಷ್ಟು ಜನರಿಗೆ ಗೊತ್ತು? ಮಗನ ಜೊತೆ ಅಪ್ಪನೂ ಅರ್ಜಿ ಹಾಕಬಹುದು! ಪಾಸಾದರೆ ದೇಶದಲ್ಲೆಲ್ಲ ನಡೆಯುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಕೈಗೆ ಬರುತ್ತದೆ.

ಎರಡು, ಒಂದು ವರ್ಷ ದುಡಿಮೆ ಬಿಡಲಾಗದವರಿಗೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ನಮ್ಮ ಚಿತ್ರದುರ್ಗದಲ್ಲೂ ಇದೆ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ನಲವತ್ತು ದಾಟಿದವರನ್ನೂ ಸೇರಿಸಿಕೊಳ್ಳುತ್ತಾರೆ. ಪ್ಲಂಬಿಂಗ್ ಬ್ಯಾಚ್ ಯಾವಾಗ ಎಂದು ಹೋಗಿ ವಿಚಾರಿಸಿ. ಬೇರೆ ಜಿಲ್ಲೆಯವರೂ ಇಂಥ ಸ್ವಉದ್ಯೋಗ ತರಬೇತಿ ಸಂಸ್ಥೆ ತಮ್ಮಲ್ಲಿ ಎಲ್ಲಿದೆ ಎಂದು ಹುಡುಕಿ.

ಮೂರು, ಈಗಾಗಲೇ ಕೆಲಸ ಬಲ್ಲವರಿಗೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ದಾರಿ ಇದೆ. ಹತ್ತು ವರ್ಷ ಪೈಪು ಜೋಡಿಸಿದವನು ಮತ್ತೆ ಅ ಆ ಇ ಈ ಇಂದ ಶುರುಮಾಡಬೇಕಿಲ್ಲ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ.

ಇನ್ನೊಂದು ಮಾತು. ಪ್ಲಂಬರ್ ಕೂಡ ಕಟ್ಟಡ ಕಾರ್ಮಿಕನೇ. 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಆ ಕಾರ್ಡು ಮಾಡಿಸದೆ ಇರಬೇಡಿ.

'ಕೆಲಸ ಬಂದರೆ ಸಾಲದೇ, ಕಾಗದ ಯಾಕೆ?' ಎನ್ನುವವರಿದ್ದಾರೆ. ಅವರಿಗೆ ಹೇಳುತ್ತೇನೆ. ನೋಡಿ ಕಲಿತವನಿಗೆ 'ಹೇಗೆ' ಎಂಬುದು ಗೊತ್ತಿರುತ್ತದೆ, 'ಯಾಕೆ' ಎಂಬುದು ಗೊತ್ತಿರುವುದಿಲ್ಲ. ಸೋಲಾರಿನ ಬಿಸಿನೀರಿಗೆ ಸಾದಾ ಪಿವಿಸಿ ಹಾಕಿದರೆ ಪೈಪು ಮೆತ್ತಗಾಗಿ ಬಾಗುತ್ತದೆ. ಅಲ್ಲಿಗೆ ಸಿಪಿವಿಸಿಯಂಥ ಬಿಸಿ ತಾಳುವ ಪೈಪು ಬೇಕು. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಕೆಜಿ ಪ್ರೆಷರ್ ಸಿಗುತ್ತದೆ. ಈ ಲೆಕ್ಕ ತಿಳಿಯದವನು ಮೇಲಿನ ಮಹಡಿಯಲ್ಲಿ ಶವರ್ ಹಾಕಿ ಬೈಸಿಕೊಳ್ಳುತ್ತಾನೆ. ಬಚ್ಚಲಿನ ಕೆಳಗಿನ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನೀರು ನಿಂತಿರಬೇಕು. ಆ ಎರಡು ಅಂಗುಲದ ನೀರು ಮೋರಿಯ ಕೆಟ್ಟ ಗಾಳಿಯನ್ನು ಮನೆಯೊಳಗೆ ಬಿಡದೆ ತಡೆಯುತ್ತದೆ. ಸುರಕ್ಷತಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇದು ಗೊತ್ತಿದ್ದವನು 'ಇಳಿಯುವುದಿಲ್ಲ' ಎನ್ನುತ್ತಾನೆ, ಜೀವ ಉಳಿಯುತ್ತದೆ. ಕಲಿಕೆ ಅಂದರೆ ಇದು.

ನೀರಿನ ವಿದ್ಯೆ ನಮಗೆ ಹೊಸದೇನಲ್ಲ. ಚಿತ್ರದುರ್ಗದ ಕೋಟೆ ಹತ್ತಿ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಿನ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಮೋಟಾರಿಲ್ಲ. ಮಟ್ಟ ಬಲ್ಲ ಜನ ಕಟ್ಟಿದ್ದು. ಅಂಥವರ ಊರಿನಲ್ಲಿ ಹುಟ್ಟಿ ನಲ್ಲಿ ಕೆಲಸ ಕೀಳು ಎನ್ನಬಹುದೇ?

ಈಗ ಬೆಂಗಳೂರಿನಲ್ಲಿರುವ ಗೆಳೆಯರಿಗೆ ಒಂದು ಮಾತು. 'ಪ್ಲಂಬರ್ ಕೆಲಸಕ್ಕೆಲ್ಲ ಹೊರಗಿನವರೇ' ಎಂದು ನಾವು ಗೊಣಗುತ್ತೇವೆ. ಅವರು ಎಲ್ಲಿಯವರು ಎಂದು ಯಾವತ್ತಾದರೂ ಕೇಳಿದ್ದೀರಾ? ಎಷ್ಟೋ ಜನ ಒಡಿಶಾದ ಕೇಂದ್ರಾಪಡಾ ಜಿಲ್ಲೆಯವರು. ಅಲ್ಲಿನ ಪಟ್ಟಾಮುಂಡೈ ಪ್ಲಂಬರುಗಳ ಊರೆಂದೇ ದೇಶಕ್ಕೆಲ್ಲ ಹೆಸರು. ಒಬ್ಬ ಕಲಿತ, ತಮ್ಮನನ್ನು ಕರೆದ. ತಮ್ಮ ಭಾವಮೈದುನನನ್ನು ಕರೆದ. ಆಮೇಲೆ ಅಲ್ಲಿನ ಸರ್ಕಾರ ಪ್ಲಂಬಿಂಗ್ ಕಲಿಸಲೆಂದೇ ಆ ಊರಿನಲ್ಲಿ ಸಂಸ್ಥೆ ತೆರೆಯಿತು. ಅವರ ಮೇಲೆ ಸಿಟ್ಟು ಬೇಡ. ಅವರೂ ಹೊಟ್ಟೆಪಾಡಿಗೆ ಬಂದವರು. ಅವರಿಂದ ಕಲಿಯೋಣ. ಬಿ.ದುರ್ಗದಿಂದ ಒಬ್ಬ ಕಲಿತರೆ ಅವನು ಹತ್ತು ಜನರನ್ನು ಕರೆಯಲಿ.

ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಎರಡೇ ದಿನದಲ್ಲಿ ತಡೆಹಿಡಿಯಿತು. ಹಕ್ಕು ಕೇಳುವುದನ್ನು ನಿಲ್ಲಿಸಬೇಡಿ. ಆದರೆ ರಾತ್ರಿ ಹತ್ತಕ್ಕೆ ಪೈಪು ಒಡೆದು ಅಡುಗೆಮನೆಯಲ್ಲಿ ನೀರು ನಿಂತಾಗ ಮನೆಯಾಕೆ ಮಸೂದೆ ನೋಡುವುದಿಲ್ಲ, ಕೆಲಸ ಬಲ್ಲವನ ನಂಬರ್ ನೋಡುತ್ತಾಳೆ. ಆ ನಂಬರ್ ನಿಮ್ಮದಾಗಿರಲಿ.

ಕೇಳಬೇಕಾದ ಹಕ್ಕು ಇಲ್ಲಿಯೂ ಇದೆ. ಪಾಠ ಕನ್ನಡದಲ್ಲಿ ಆಗಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರಬೇಕು. ಪರೀಕ್ಷೆ ಮಾಡಲು ಬರುವವನಿಗೆ ಕನ್ನಡ ಬರಬೇಕು. ನಲವತ್ತರ ಕೂಲಿಕಾರ ವಾಲ್ವು ಬಿಚ್ಚಿ ಜೋಡಿಸಬಲ್ಲ. ಬಾರದ ಭಾಷೆಯ ಪ್ರಶ್ನೆಗೆ ಫೇಲಾದರೆ ಅದು ಅವನ ಸೋಲಲ್ಲ, ಪರೀಕ್ಷೆಯ ಸೋಲು. ಸೇರುವ ಮೊದಲೇ ಇದನ್ನು ಕೇಳಿ. ಇಲ್ಲವೆಂದರೆ ಸಂಘಟನೆಯವರನ್ನು ಕರೆದುಕೊಂಡು ಹೋಗಿ ಕೇಳಿ.

ಮನೆಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ಹಳ್ಳಿಹಳ್ಳಿಗೆ ಪೈಪು ಬಂದಿದೆ. ಪೈಪು ಬಂದ ಕಡೆ ಸೋರಿಕೆಯೂ ಬರುತ್ತದೆ. ಅದನ್ನು ನಿಲ್ಲಿಸುವ ಕೈ ಯಾರದು? ನಿಮ್ಮ ಮನೆಯಲ್ಲಿ ಕೆಲಸ ಕಳೆದುಕೊಂಡ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಈ ಹಾಳೆಯನ್ನು ಅವರ ಕೈಗೆ ಕೊಡಿ. 'ಇನ್ನು ನನಗೆಲ್ಲಿ' ಅಂದರೆ ಬಿಡಬೇಡಿ. ಜೊತೆಗೆ ಹೋಗಿ ಅರ್ಜಿ ತುಂಬಿಸಿ ಬನ್ನಿ.