ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಕಂಡದ್ದು

ಅಮೆರಿಕಕ್ಕೆ ಹೋಗಿಬಂದವರು ನ್ಯೂಯಾರ್ಕಿನ ಮುಗಿಲು ಮುಟ್ಟುವ ಮಹಡಿಗಳನ್ನೋ ನಯಾಗರದ ಧಾರೆಯನ್ನೋ ವರ್ಣಿಸುವುದು ವಾಡಿಕೆ. ನಾನು ಈ ಹೊತ್ತು ಹೇಳಬಂದಿರುವುದು ಕ್ಲೀವ್‌ಲೆಂಡ್ ಎಂಬ ನಡುತರದ ಊರಿನ ವಿಚಾರ. ಓಹಾಯೊ ಸಂಸ್ಥಾನದಲ್ಲಿ, ಈರಿ ಎಂಬ ಸಮುದ್ರದಂಥ ಸರೋವರದ ದಂಡೆಯ ಮೇಲಿರುವ ಈ ಊರು ಉಕ್ಕಿನ ಕಾರ್ಖಾನೆಗಳಿಂದ ಬೆಳೆದದ್ದು. 1950ರಲ್ಲಿ ಅಲ್ಲಿ 9 ಲಕ್ಷ 14 ಸಾವಿರ ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಉಳ್ಳವರು ಹೊರಗಣ ಬಡಾವಣೆಗಳಿಗೆ ಸರಿದರು. 2020ರ ಗಣತಿಯಲ್ಲಿ ಸಿಕ್ಕಿದವರು 3 ಲಕ್ಷ 72 ಸಾವಿರ. ಇಷ್ಟೊಂದು ಜನ ಬಿಟ್ಟುಹೋದ ಊರಿನಲ್ಲಿ ನೋಡತಕ್ಕದ್ದೇನಿದ್ದೀತು ಎಂದುಕೊಂಡೇ 2019ರ ಬೇಸಗೆ ರಜೆಯಲ್ಲಿ ಅಲ್ಲಿರುವ ಮಗಳ ಮನೆಗೆ ಹೋದೆ.

ಮೊದಲು ಅವಳು ಕರೆದೊಯ್ದದ್ದು ಸಂತೆಗೆ. ವೆಸ್ಟ್ ಸೈಡ್ ಮಾರ್ಕೆಟ್ ಎಂದು ಅದರ ಹೆಸರು. ಹಳದಿ ಇಟ್ಟಿಗೆಯ ದೊಡ್ಡ ಕಟ್ಟಡ, 137 ಅಡಿ ಎತ್ತರದ ಗಡಿಯಾರದ ಗೋಪುರ, ಒಳಗೆ ಬಿಲ್ಲೆಗಳನ್ನು ಜೋಡಿಸಿ ಕಟ್ಟಿದ ಕಮಾನು ಚಾವಣಿ. ದೇವಾಲಯದ ಮುಖಮಂಟಪಕ್ಕೆ ಬಂದೆನೋ ಎನ್ನಿಸಿತು. ಆದರೆ ಅಂಗಡಿಗಳಲ್ಲಿ ಬಹುಪಾಲು ಮಾಂಸದವು. ನನ್ನಂಥವನಿಗೆ ಸ್ವಲ್ಪ ಮುಜುಗರವೇ. ಪಕ್ಕದ ಸಾಲಿನಲ್ಲಿ ಹಣ್ಣು ತರಕಾರಿಗಳ ರಾಶಿ ಕಂಡ ಮೇಲೆ ಉಸಿರು ತಿರುಗಿತು. ಪೋಲೆಂಡ್, ಹಂಗೇರಿ ಮೊದಲಾದ ದೇಶಗಳಿಂದ ದುಡಿಯಲು ಬಂದವರು ತಮ್ಮ ತಮ್ಮ ಅಡುಗೆಯನ್ನೂ ಜೊತೆಗೆ ತಂದರು. ಹಾಗೆ ಬಂದದ್ದೊಂದು ಪಿಯೆರೋಗಿ. ಕಣಕದೊಳಗೆ ಆಲೂಗೆಡ್ಡೆ ಚೀಸುಗಳ ಹೂರಣವಿಟ್ಟು, ಮಡಿಸಿ, ಬೇಯಿಸಿ, ಬೆಣ್ಣೆಯಲ್ಲಿ ಈರುಳ್ಳಿಯೊಡನೆ ಬಾಡಿಸಿ ಕೊಡುತ್ತಾರೆ. “ಅಪ್ಪಾ, ಇದು ಅವರ ಕಡುಬು, ಧೈರ್ಯವಾಗಿ ತಿನ್ನಿ” ಎಂದಳು ಮಗಳು. ತಿಂದೆ. ಉಪ್ಪು ಖಾರ ಸಾಲದು. ಆದರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡೆನೆಂಬುದನ್ನು ಮುಚ್ಚಿಡಲಾರೆ.

ಈ ಸಂತೆಯ ಹಿಂದೆ ಒಂದು ದತ್ತಿಯ ಕಥೆಯುಂಟು. 1840ರಲ್ಲಿ ಬಾರ್ಬರ್ ಮತ್ತು ಲಾರ್ಡ್ ಎಂಬಿಬ್ಬರು ಜಮೀನುದಾರರು ಆ ಕೂಡುರಸ್ತೆಯ ಒಂದು ಮೂಲೆಯ ನಿವೇಶನವನ್ನು ಊರಿಗೆ ಬಿಟ್ಟುಕೊಟ್ಟರು. ಅದು ಯಾವಾಗಲೂ ಸಂತೆಗೇ ಮೀಸಲಾಗಿರಬೇಕೆಂಬುದು ಷರತ್ತು. ಅಲ್ಲಿನ ಹಳೆಯ ಕಟ್ಟಡ ಸಾಲದೆ 1912ರಲ್ಲಿ ರಸ್ತೆಯ ಆಚೆ ಬದಿಗೆ ಈಗಿನದು ಎದ್ದಿತು. ಜಾಗ ಬದಲಾದರೂ ಸಂತೆ ತಪ್ಪಲಿಲ್ಲ. ನಮ್ಮ ಶಾಸನಗಳಲ್ಲಿ ದತ್ತಿ ಬಿಟ್ಟವರು ಅದು ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದು ಬರೆಯಿಸಿ, ಅಳಿದವನಿಗೆ ಶಾಪವನ್ನೂ ಕೆತ್ತಿಸುತ್ತಿದ್ದರಷ್ಟೆ. ಇಲ್ಲಿ ಶಾಪವಿಲ್ಲ, ಬರಿಯ ಷರತ್ತು.

ಅಲ್ಲಿಯ ಕಲಾಭವನವೂ ಇಂಥದೇ. ವೇಡ್ ಎಂಬ ಮನೆತನದವರು ಬಿಟ್ಟ ಭೂಮಿಯ ಮೇಲೆ ಕಟ್ಟಿ 1916ರಲ್ಲಿ ತೆರೆದದ್ದು. ಎಲ್ಲ ಜನರ ಹಿತಕ್ಕಾಗಿ, ಎಂದೆಂದಿಗೂ ಎಂಬುದು ದಾನಿಯ ಸಂಕಲ್ಪ. ಕೆಲವು ವಿಶೇಷ ಪ್ರದರ್ಶನಗಳ ಹೊರತು ಪ್ರವೇಶಕ್ಕೆ ಕಾಸಿಲ್ಲ. ಬಾಗಿಲ ಮುಂದೆ ರೋಡಾನ್ ಎಂಬ ಫ್ರೆಂಚ್ ಶಿಲ್ಪಿಯ ‘ಚಿಂತಕ’ ಕುಳಿತಿದ್ದಾನೆ. 1970ರ ಮಾರ್ಚಿಯಲ್ಲಿ ಒಂದು ರಾತ್ರಿ ಯಾರೋ ಬಾಂಬಿಟ್ಟು ಅವನ ಕಾಲುಗಳ ಕೆಳಭಾಗವನ್ನು ಛಿದ್ರಮಾಡಿದರು. ಸರಿಪಡಿಸದೆ, ಒಡೆದದ್ದನ್ನು ಒಡೆದಂತೆಯೇ ಮತ್ತೆ ಕೂರಿಸಿದ್ದಾರೆ. ಇದು ಸರಿಯೋ ತಪ್ಪೋ ಎಂದು ಮೊದಲು ಅನುಮಾನಿಸಿದೆ. ನೋಡುತ್ತ ನೋಡುತ್ತ ಸರಿಯೆಂದೇ ತೋರಿತು.

ಒಳಗೆ ಚೋಳರ ಕಾಲದ, ಹನ್ನೊಂದನೆಯ ಶತಮಾನದ ಕಂಚಿನ ನಟರಾಜ. 1930ರಲ್ಲೇ ಅಲ್ಲಿಗೆ ಬಂದ ಮೂರ್ತಿ. ಬೀದಿಯಲ್ಲಿ ಉತ್ಸವ ಹೊರಡಬೇಕಾದ ದೇವರು ಹೂವಿಲ್ಲದೆ, ಆರತಿಯಿಲ್ಲದೆ, ವಿದ್ಯುದ್ದೀಪದ ಕೆಳಗೆ ಒಂಟಿಯಾಗಿ ನಿಂತದ್ದನ್ನು ಕಂಡು ಮನಸ್ಸು ಕಲಕಿತು. ಆ ಊರಿನ ಶಾಲೆಯ ಮಕ್ಕಳು ಕಾಸು ಕೊಡದೆ ಬಂದು ನೋಡುತ್ತಿದ್ದುದನ್ನು ಕಂಡಾಗ ಕಲಕಿದ್ದು ಕೊಂಚ ತಿಳಿಯಾಯಿತು; ಪೂರ್ತಿ ತಿಳಿಯಾಯಿತೆಂದು ಹೇಳಲಾರೆ. ಕೈಮುಗಿದೆ. ಕಾವಲಿನವನು ಸುಮ್ಮನೆ ಅತ್ತ ತಿರುಗಿ ನಿಂತ.

ಇದೇ ಊರಿನಲ್ಲಿ 1978ರಿಂದ ತ್ಯಾಗರಾಜರ ಆರಾಧನೆ ನಡೆದುಬಂದಿದೆ ಎಂಬುದು ಸಂಗೀತಪ್ರಿಯರಾದ ನಿಮಗೆ ತಿಳಿದದ್ದೇ. ಅದನ್ನು ಬೇರೆಯಾಗಿಯೇ ಹೇಳಬೇಕು.

ಅಂಗಡಿ ಬೀದಿಯ ಮಾತೊಂದಿಷ್ಟು. ಆರ್ಕೇಡ್ ಎಂಬ ಐದಂತಸ್ತಿನ ಅಂಗಡಿಸಾಲು 1890ರಲ್ಲಿ ತೆರೆದದ್ದು. ಮುನ್ನೂರು ಅಡಿ ಉದ್ದಕ್ಕೂ ಗಾಜಿನ ಮಾಡು. 2001ರಿಂದ ಮೇಲಂತಸ್ತುಗಳು ಹೋಟೆಲು. ನೋಡಲು ಚೆಂದ, ಕೊಳ್ಳಲು ನನಗೇನೂ ಇರಲಿಲ್ಲ.

ಪ್ಲೇಹೌಸ್ ಸ್ಕ್ವೇರಿನ ನಾಟಕಶಾಲೆಗಳ ಪಾಲಿಗೆ ಮಾತ್ರ ದಾನಪತ್ರವೂ ಇರಲಿಲ್ಲ, ಷರತ್ತೂ ಇರಲಿಲ್ಲ. 1921-22ರಲ್ಲಿ ಸಾಲಾಗಿ ಎದ್ದ ಐದರಲ್ಲಿ ನಾಲ್ಕು 1969ರ ಹೊತ್ತಿಗೆ ಬೀಗ ಹಾಕಿಸಿಕೊಂಡವು. 1972ರಲ್ಲಿ ಎರಡನ್ನು ಕೆಡವಿ ಮೋಟಾರು ನಿಲ್ಲಿಸುವ ಬಯಲು ಮಾಡುವುದೆಂದು ಹೊರಟಿದ್ದರು. ಅದಕ್ಕೆ ಎರಡು ವರ್ಷ ಮುಂಚೆ ರೇ ಶೆಪರ್ಡ್‌ಸನ್ ಎಂಬ ಶಿಕ್ಷಣ ಮಂಡಲಿಯ ನೌಕರನೊಬ್ಬ ಉಪಾಧ್ಯಾಯರ ಸಭೆಗೆ ಸ್ಥಳ ಹುಡುಕುತ್ತ ಒಳಹೊಕ್ಕು, ಆ ಹಾಳುಬಿದ್ದ ವೈಭವಕ್ಕೆ ಮರುಳಾಗಿದ್ದನಂತೆ. ನಮ್ಮ ವೃತ್ತಿಯ ಸಭೆಗಳಿಂದಲೂ ಒಮ್ಮೊಮ್ಮೆ ಉಪಕಾರವಾಗುವುದುಂಟು! ಅವನೂ ಜೊತೆಗಾರರೂ ಸೇರಿ 1973ರಲ್ಲಿ ಒಂದು ನಾಟಕಶಾಲೆಯ ಮೊಗಸಾಲೆಯಲ್ಲೇ ಗೀತಪ್ರದರ್ಶನವೊಂದನ್ನು ಏರ್ಪಡಿಸಿದರು. ಎರಡು ಮೂರು ವಾರ ನಡೆದೀತೆಂದುಕೊಂಡದ್ದು ಎರಡು ವರ್ಷಕ್ಕೂ ಮೀರಿ ನಡೆಯಿತು. ಕೆಡವುವ ಮಾತು ನಿಂತಿತು. ಐದೂ ಈಗ ತೆರೆದಿವೆ.

ನಾವು ಹೋದ ಸಂಜೆ ಟಿಕೆಟ್ಟು ಮುಗಿದಿತ್ತು. ಹೊರಗೆ ನಡುಬೀದಿಯ ಮೇಲೆ, 2014ರಲ್ಲಿ ತೂಗುಹಾಕಿದ ಇಪ್ಪತ್ತಡಿಯ ದೊಡ್ಡ ತೂಗುದೀಪ ಉರಿಯುತ್ತಿತ್ತು. ಒಳಗೆ ಹೋಗಲಾರದ ನಮ್ಮಂಥವರು ಹತ್ತಾರು ಮಂದಿ ಅದರ ಕೆಳಗೆ ನಿಂತು ಮೇಲೆ ನೋಡುತ್ತಿದ್ದೆವು.