ದೂರದ ಸದನದಲ್ಲಿ ಹಿರಿತನ



ದಾವಣಗೆರೆ ಲೋಕಸಭಾ ಕ್ಷೇತ್ರ ಚುನಾವಣಾ ಭೂಪಟದ ಮೇಲೆ ಬಂದದ್ದು 1977ರಲ್ಲಿ. ಹರಿಹರದ ಮಗ್ಗುಲಿನ ಕೊಂಡಜ್ಜಿಯ ಬಸಪ್ಪನವರು ಮೊದಲ ಸದಸ್ಯರು. 1980ರಲ್ಲಿ ಟಿ.ವಿ. ಚಂದ್ರಶೇಖರಪ್ಪ ಬಂದರು. ಆಮೇಲೆ 1984, 1989 ಮತ್ತು 1991ರಲ್ಲಿ ಸತತ ಮೂರು ಸಲ ಚನ್ನಯ್ಯ ಒಡೆಯರ್ ಗೆದ್ದರು. 1996ರಲ್ಲಿ ಜಿ. ಮಲ್ಲಿಕಾರ್ಜುನಪ್ಪ, 1998ರಲ್ಲಿ ಶಾಮನೂರು ಶಿವಶಂಕರಪ್ಪ, ಮರುವರ್ಷವೇ ಮತ್ತೆ ಮಲ್ಲಿಕಾರ್ಜುನಪ್ಪ. 2004ರಲ್ಲಿ ಅವರ ಮಗ ಜಿ.ಎಂ. ಸಿದ್ದೇಶ್ವರ ಆಯ್ಕೆಯಾದರು, ನಾಲ್ಕು ಚುನಾವಣೆ ಗೆದ್ದು 2024ರವರೆಗೆ ಇಪ್ಪತ್ತು ವರ್ಷ ಸದಸ್ಯರಾಗಿದ್ದರು. ಈ ಕ್ಷೇತ್ರದಿಂದ ಅಷ್ಟು ದೀರ್ಘ ಕಾಲ ದಿಲ್ಲಿಯಲ್ಲಿ ಕೂತವರು ಇನ್ನೊಬ್ಬರಿಲ್ಲ. ಇಷ್ಟು ವರ್ಷದ ಸದಸ್ಯತ್ವವನ್ನು ನಮ್ಮ ಊರು ಅಳೆಯುವುದು ಒಂದೇ ಪ್ರಶ್ನೆಯಿಂದ: ಏನು ತಂದರು? ಯಾವ ರೈಲು ನಿಂತಿತು, ಯಾವ ಮೇಲ್ಸೇತುವೆ ಆಯಿತು, ಎಷ್ಟು ಸಮುದಾಯ ಭವನ ಎದ್ದವು? ಈ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ ಇದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅವರು ಕೂತಿದ್ದ ಸದನ ಒಬ್ಬ ಹಿರಿಯ ಸದಸ್ಯನಿಗೆ ಏನು ಮಾಡಲು ಬಿಡುತ್ತದೆ? ಸದನದ ಕೈಗೆ ಬಲ ಬಂದಾಗ ಸದಸ್ಯನ ಹಿರಿತನ ಕಸುಬಾಗುತ್ತದೆ; ಸದನವೇ ಬಡವಾದರೆ ಹಿರಿತನ ಬರೀ ಗೆಲುವಿನ ಲೆಕ್ಕವಾಗಿ ಉಳಿಯುತ್ತದೆ. ಇಂದು ನಾನು ಸಾಧಿಸಲು ಹೊರಟಿರುವುದು ಇಷ್ಟನ್ನೇ.

ಸಾಧಿಸಲು ನಮ್ಮ ಕ್ಷೇತ್ರದ ಪಕ್ಕದಲ್ಲಿ ಒಂದು ದೂರದ ಉದಾಹರಣೆ ಇಟ್ಟು ನೋಡಬೇಕು. ಹಾನ್ಸ್-ಗೆರ್ಟ್ ಪೊಟ್ಟರಿಂಗ್ 1945ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಬೆರ್ಸನ್‌ಬ್ರೂಕ್‌ನಲ್ಲಿ ಹುಟ್ಟಿದವರು; ತಂದೆ ಯುದ್ಧದಲ್ಲಿ ಸತ್ತಿದ್ದರಿಂದ ಮಗ ಅಪ್ಪನ ಮುಖ ನೋಡಲಿಲ್ಲ. ಯುರೋಪಿಯನ್ ಪಾರ್ಲಿಮೆಂಟಿಗೆ ಜನ ನೇರವಾಗಿ ಮತ ಹಾಕಿದ ಮೊದಲ ಚುನಾವಣೆ 1979ರದು. ಅಂದು ಆಯ್ಕೆಯಾದ 410 ಮಂದಿಯಲ್ಲಿ 2014ರವರೆಗೆ ಒಂದು ಅವಧಿಯೂ ತಪ್ಪದೆ ಉಳಿದವರು ಇವರೊಬ್ಬರೇ. ಹತ್ತು ವರ್ಷ ಭದ್ರತೆ ಮತ್ತು ರಕ್ಷಣೆಯ ಉಪಸಮಿತಿಯ ಅಧ್ಯಕ್ಷರು, 1999ರಿಂದ 2007ರವರೆಗೆ ಸದನದ ಅತಿ ದೊಡ್ಡ ಪಕ್ಷಕೂಟದ ನಾಯಕರು, 2007ರಿಂದ 2009ರವರೆಗೆ ಸದನದ ಅಧ್ಯಕ್ಷರು. ಬ್ರಸೆಲ್ಸ್‌ನಲ್ಲಿ 2017ರಲ್ಲಿ ಬಾಗಿಲು ತೆರೆದ ಯುರೋಪಿನ ಇತಿಹಾಸದ ಮ್ಯೂಸಿಯಂ ಅವರು ಅಧ್ಯಕ್ಷರಾದ ಹೊಸತರಲ್ಲಿ ಮುಂದಿಟ್ಟ ಸಲಹೆಯ ಫಲ. ಆದರೆ ಈ ಹುದ್ದೆಗಳ ಪಟ್ಟಿ ನನಗೆ ಮುಖ್ಯವಲ್ಲ. ಅವರು ಒಳಗೆ ಹೋದಾಗ ಆ ಸದನ ಏನಾಗಿತ್ತು, ಹೊರಗೆ ಬಂದಾಗ ಏನಾಗಿತ್ತು ಎಂಬುದನ್ನು ನೋಡಬೇಕು.

1979ರಲ್ಲಿ ಅದು ಮಾತಿನ ಮನೆ. ಬಜೆಟ್ಟಿನ ಮೇಲೆ ಒಂದಿಷ್ಟು ಹಿಡಿತ ಬಿಟ್ಟರೆ ಕಾನೂನು ಮಾಡುತ್ತಿದ್ದದ್ದು ದೇಶಗಳ ಮಂತ್ರಿಗಳ ಮಂಡಳಿ. ಪಾರ್ಲಿಮೆಂಟಿನ ಅಭಿಪ್ರಾಯ ಕೇಳುತ್ತಿದ್ದರು, ಕೇಳಿ ಬಿಡುತ್ತಿದ್ದರು. ಆ ಸದನಕ್ಕೆ ಹಲ್ಲು ಮೂಡಿದ ಕಥೆ ದಾವಣಗೆರೆಯವರಿಗೆ ತಕ್ಷಣ ಹತ್ತಿರವಾಗುವಂಥದು, ಯಾಕೆಂದರೆ ಅದರ ಹಿಂದೆ ಇರುವುದು ಮೆಕ್ಕೆಜೋಳ. ಮೆಕ್ಕೆಜೋಳದ ಪಿಷ್ಟದಿಂದ ತೆಗೆಯುವ ಐಸೋಗ್ಲೂಕೋಸ್ ಎಂಬ ಸಿಹಿದ್ರವಕ್ಕೆ ಮಂತ್ರಿಮಂಡಳಿ ಉತ್ಪಾದನೆಯ ಮಿತಿ ಹೇರಿತು. ಪಾರ್ಲಿಮೆಂಟಿನ ಅಭಿಪ್ರಾಯ ಕೇಳಿತ್ತು. ಆದರೆ ಅದು ಬರುವವರೆಗೆ ಕಾಯಲಿಲ್ಲ. ಒಂದು ಫ್ರೆಂಚ್ ಕಂಪನಿ ದಾವೆ ಹೂಡಿತು. 1980ರ ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಆ ಇಡೀ ನಿಯಮವನ್ನು ರದ್ದು ಮಾಡಿತು. ಅಭಿಪ್ರಾಯ ಕೊಡುವ ಹಕ್ಕು ಅಂದರೆ ಅದನ್ನು ತಡವಾಗಿ ಕೊಡುವ ಶಕ್ತಿಯೂ ಹೌದು ಎಂದು ಸದಸ್ಯರಿಗೆ ಹೊಳೆಯಿತು. ಚೌಕಾಸಿ ಶುರುವಾಯಿತು. 1987ರ ಒಪ್ಪಂದ ಸ್ವಲ್ಪ ಕೊಟ್ಟಿತು, 1993ರ ಮಾಸ್ಟ್ರಿಕ್ಟ್ ಒಪ್ಪಂದ ಜಂಟಿಯಾಗಿ ಕಾನೂನು ಮಾಡುವ ಅಧಿಕಾರ ಕೊಟ್ಟಿತು, 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಕೃಷಿಯನ್ನೂ ಅದರೊಳಗೆ ತಂದಿತು. ಮೂವತ್ತೈದು ವರ್ಷ ಅಲ್ಲಿದ್ದವರ ಕೈ ಕೆಳಗೆ ಸದನ ಹೀಗೆ ಬೆಳೆಯಿತು. ಒಬ್ಬರೇ ಬೆಳೆಸಿದರು ಎನ್ನುವುದು ಉತ್ಪ್ರೇಕ್ಷೆ. ಆದರೆ ಒಂದೊಂದು ಒಪ್ಪಂದದ ಹೊತ್ತಿಗೂ ಹಿಂದಿನ ಚೌಕಾಸಿ ನೆನಪಿದ್ದವರು ಕೋಣೆಯಲ್ಲಿ ಇರಬೇಕಾಗುತ್ತದೆ. ಅಂಥ ಕಡೆ ಹಿರಿತನಕ್ಕೆ ಬೆಲೆ.

ಅಲ್ಲಿ ಕೆಲಸ ನಡೆಯುವ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಒಂದು ಮಸೂದೆ ಬಂದರೆ ಅದು ಸಂಬಂಧಪಟ್ಟ ಸಮಿತಿಗೆ ಹೋಗುತ್ತದೆ. ಸಮಿತಿ ಒಬ್ಬ ಸದಸ್ಯರನ್ನು ವರದಿಗಾರರೆಂದು ನೇಮಿಸುತ್ತದೆ. ಮಸೂದೆಯ ಪ್ರತಿ ಕಲಮಿಗೆ ತಿದ್ದುಪಡಿ ಬರೆದು ತರುವ ಹೊಣೆ ಅವರದು. ಬೇರೆ ಪಕ್ಷಕೂಟಗಳು ತಲಾ ಒಬ್ಬರನ್ನು ಅವರ ಜೊತೆಗೆ, ಅವರ ಮೇಲೆ ಕಣ್ಣಿಡಲು ಬಿಡುತ್ತವೆ. ಆಮೇಲೆ ಈ ನಾಲ್ಕಾರು ಮಂದಿಯೇ ಮಂತ್ರಿಮಂಡಳಿಯ ಎದುರು ಕೂತು ಪದಪದಕ್ಕೂ ಜಗ್ಗಾಡುತ್ತಾರೆ. ವರದಿಗಾರ ಆಳುವ ಸರ್ಕಾರದ ಪಕ್ಷದವನೇ ಆಗಿರಬೇಕೆಂದಿಲ್ಲ, ಅಲ್ಲಿ ಹಾಗೆ ಆಳುವ ಪಕ್ಷವೆಂಬುದೇ ಇಲ್ಲ. ಪುಟಗಟ್ಟಲೆ ತಾಂತ್ರಿಕ ವಿವರ ಬಲ್ಲ ಹಳಬನಿಗೆ ಅಲ್ಲಿ ಮಂತ್ರಿಗಿಂತ ಹೆಚ್ಚು ತೂಕ ಬರುವುದುಂಟು. (ತಿಂಗಳಿಗೊಮ್ಮೆ ಇಡೀ ಸದನ ಕಡತದ ಪೆಟ್ಟಿಗೆ ಹೊತ್ತು ಬ್ರಸೆಲ್ಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಹೋಗಿಬರುವುದೂ ಅದೇ ವ್ಯವಸ್ಥೆಯ ಭಾಗ, ಎಲ್ಲವೂ ಜಾಣತನವೆಂದು ಯಾರೂ ಭಾವಿಸಬೇಕಾಗಿಲ್ಲ.)

ಇನ್ನು ನಮ್ಮ ಸದನ. ಮೊದಲ ಲೋಕಸಭೆ 1952ರಿಂದ 1957ರವರೆಗೆ 677 ದಿನ ಕೂತಿತ್ತು. ಸಿದ್ದೇಶ್ವರರ ಕಡೆಯ ಅವಧಿಯಾದ 17ನೇ ಲೋಕಸಭೆ ಐದು ವರ್ಷದಲ್ಲಿ ಕೂತದ್ದು 274 ದಿನ. ವಿಷಯವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಬಂದವು, ಒಳ್ಳೆಯ ಹೆಜ್ಜೆ. 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋದವು, 17ನೆಯದರಲ್ಲಿ ನೂರಕ್ಕೆ 16. ಖಾಸಗಿ ಸದಸ್ಯರ ಮಸೂದೆ ಕಾನೂನಾದದ್ದು ಸ್ವಾತಂತ್ರ್ಯಾನಂತರ 14 ಸಲ ಮಾತ್ರ, ಕೊನೆಯದು 1970ರಲ್ಲಿ. ಇದೆಲ್ಲದರ ಮೇಲೆ 1985ರ 52ನೇ ತಿದ್ದುಪಡಿಯ ಪಕ್ಷಾಂತರ ನಿಷೇಧ ಕಾಯ್ದೆ. ಆಯಾರಾಂ ಗಯಾರಾಂಗಳ ಕಾಲದಲ್ಲಿ ಅದು ಬೇಕಾಗಿತ್ತು, ಒಪ್ಪೋಣ. ಆದರೆ ಅದು ಸರ್ಕಾರ ಉರುಳಿಸುವ ಮತಕ್ಕೂ ಒಂದು ಸಾಮಾನ್ಯ ಕಲಮಿನ ಮೇಲಿನ ಮತಕ್ಕೂ ವ್ಯತ್ಯಾಸ ಮಾಡಲಿಲ್ಲ. ಪಕ್ಷದ ವಿಪ್ ಬಂತೆಂದರೆ ಮೊದಲ ಸಲದ ಸದಸ್ಯನೂ ನಾಲ್ಕನೇ ಸಲದ ಸದಸ್ಯನೂ ಒಂದೇ. ಇಪ್ಪತ್ತು ವರ್ಷದ ಅನುಭವ ಅಲ್ಲಿ ಒಂದು ಬಟನ್ ಒತ್ತುವ ಬೆರಳು, ಅಷ್ಟೇ. ಉಳಿದದ್ದು ಮಂತ್ರಿಗಿರಿ. ಸಿದ್ದೇಶ್ವರರಿಗೆ ಅದು 2014ರಲ್ಲಿ ಬಂತು, ಮೊದಲು ನಾಗರಿಕ ವಿಮಾನಯಾನ, ಆಮೇಲೆ ಭಾರಿ ಕೈಗಾರಿಕೆ. 2016ರ ಜುಲೈಗೆ ಮುಗಿಯಿತು. ಇಪ್ಪತ್ತರಲ್ಲಿ ಎರಡು ವರ್ಷ ಚಿಲ್ಲರೆ, ಅದೂ ರಾಜ್ಯ ಸಚಿವರಾಗಿ.

ಹಾಗಾದರೆ ದೀರ್ಘಾವಧಿಯ ಸದಸ್ಯ ತನ್ನ ಹೊತ್ತನ್ನು ಎಲ್ಲಿ ಹಾಕುತ್ತಾನೆ? 2009ರ ಫಲಿತಾಂಶ ಉತ್ತರ ಹೇಳುತ್ತದೆ. ಆ ಸಲ ಸಿದ್ದೇಶ್ವರರು ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನ್ ಅವರನ್ನು ಸೋಲಿಸಿದ್ದು 2,024 ಮತಗಳಿಂದ. ಲಕ್ಷಗಟ್ಟಲೆ ಮತದ ಎದುರು ಅದು ಎರಡು ಮೂರು ದೊಡ್ಡ ಹಳ್ಳಿಗಳ ಮಾತು. 2014ರಲ್ಲಿ ಅಂತರ 17,607ಕ್ಕೆ ಏರಿತು, 2019ರಲ್ಲಿ 1,69,702. ಮೊದಲ ಅಂಕಿಯ ನೆನಪಿದ್ದವರು ಸುಂಕದ ಅಧಿಸೂಚನೆ ಓದುತ್ತ ದಿಲ್ಲಿಯಲ್ಲಿ ಕೂರುತ್ತಾರೆಯೇ? ಜಗಳೂರಿನ ಜಾತ್ರೆ, ಚನ್ನಗಿರಿಯ ಮದುವೆ, ಹೊನ್ನಾಳಿಯ ದುಃಖದ ಮನೆ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ, ಹೀಗೆ ಎಂಟು ವಿಧಾನಸಭಾ ಕ್ಷೇತ್ರ ಸುತ್ತುವುದೇ ಕೆಲಸ. ಸಂಸದರ ಪ್ರದೇಶಾಭಿವೃದ್ಧಿ ನಿಧಿ 2011–12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟಕ್ಕೆ ಹಂಚಿದರೆ ಒಂದೊಂದಕ್ಕೆ 62.5 ಲಕ್ಷ. ಇಷ್ಟು ಹಣದಲ್ಲಿ ಭವನ, ಬಸ್ ತಂಗುದಾಣ, ಹೈಮಾಸ್ಟ್ ದೀಪ ಬರುತ್ತವೆ; ಒಬ್ಬ ಒಳ್ಳೆಯ ಜಿಲ್ಲಾ ಪಂಚಾಯಿತಿ ಸದಸ್ಯ ಮಾಡಬಹುದಾದ ಕೆಲಸಕ್ಕೆ ನಾವು ದಿಲ್ಲಿಯ ಹಿರಿಯನನ್ನು ಹಚ್ಚಿದ್ದೇವೆ.

ಇದರಿಂದ ನಷ್ಟ ಯಾರಿಗೆ ಎಂದು ಕೇಳಿದರೆ ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಹೋಗಬೇಕು. ಹಂಗಾಮಿನಲ್ಲಿ ಅಲ್ಲಿ ಮೆಕ್ಕೆಜೋಳದ ರಾಶಿ ಬೀಳುತ್ತದೆ. ಹಳ್ಳಿಯ ಡಾಂಬರು ರಸ್ತೆಯ ಅರ್ಧಕ್ಕೂ ಕಾಳು ಹರವಿ ಒಣಗಿಸಿ ತಂದದ್ದು. ಖರೀದಿದಾರ ಹಿಡಿ ಕಾಳು ತೆಗೆದು ತೇವಾಂಶ ನೋಡುತ್ತಾನೆ, ಜಾಸ್ತಿ ಬಂದರೆ ದರ ಇಳಿಸುತ್ತಾನೆ. ರೈತನ ಕಣ್ಣಿಗೆ ಬೀಳುವ ಜಗಳ ಅಷ್ಟು. ದರದ ಇನ್ನರ್ಧ ನಿರ್ಧಾರವಾಗುವುದು ಕೋಳಿ ಆಹಾರದವರು, ಪಿಷ್ಟದ ಕಾರ್ಖಾನೆಯವರು, ಎಥನಾಲ್‌ನವರು ಎಷ್ಟು ಕೊಳ್ಳುತ್ತಾರೆ, ಹೊರಗಿನಿಂದ ಎಷ್ಟು ಬರುತ್ತದೆ ಎಂಬುದರ ಮೇಲೆ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ 15ರ ಕಡಿಮೆ ಸುಂಕದಲ್ಲಿ ತರಿಸಲು ಅನುಮತಿ ಕೊಟ್ಟಿತು. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿದ್ದರೂ ಪೇಟೆಯ ದರ ಅದಕ್ಕಿಂತ ಕೆಳಗಿಳಿದು ರೈತರು ಬೀದಿಗೆ ಬಂದರು. ಸುಂಕದ ಅಧಿಸೂಚನೆ ಸದನದ ಮೇಜಿನ ಮೇಲೆ ಬರುತ್ತದೆ. ಅದರ ಮೇಲೆ ಚರ್ಚೆ ಆಗಲೇಬೇಕೆಂಬ ಕಟ್ಟು ಇಲ್ಲ. ಐಸೋಗ್ಲೂಕೋಸ್‌ನ ಹೊತ್ತಿಗೆ ಯುರೋಪಿನ ಸದಸ್ಯರಿಗೆ ಸಿಕ್ಕ ತಡೆಹಿಡಿಯುವ ಶಕ್ತಿ ನಮ್ಮ ಸದಸ್ಯರಿಗೆ ಇಲ್ಲ. ಇದ್ದಿದ್ದರೆ ಈ ಪೇಟೆಯ ಒಬ್ಬ ನಾಲ್ಕು ಅವಧಿಯ ಸದಸ್ಯನಿಗಿಂತ ಅದನ್ನು ಬಳಸಲು ಲಾಯಕ್ಕಾದವರು ಯಾರು?

ಹರಿಹರದ ಹೊಳೆಯದೂ ಇದೇ ಪಾಡು. ಹೊಳೆಯ ಈ ದಡ ದಾವಣಗೆರೆ ಜಿಲ್ಲೆ. ಆಚೆ ದಡದ ಕುಮಾರಪಟ್ಟಣಂ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು, ಇನ್ನೊಬ್ಬ ಸಂಸದರ ಕ್ಷೇತ್ರ. ಆಚೆ ದಡದ ಕಾರ್ಖಾನೆಗಳ ತ್ಯಾಜ್ಯ ತುಂಗಭದ್ರೆಗೆ ಸೇರಿ ಮೀನು ಸತ್ತ ವಿಷಯ 1980ರ ದಶಕದಲ್ಲಿ ದೊಡ್ಡ ಹೋರಾಟವಾಯಿತು. ಅದನ್ನು ನಡೆಸಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು. ದಾರಿ ಬೀದಿಯದು, ಕೋರ್ಟಿನದು. ಪಾರ್ಲಿಮೆಂಟು ಅಲ್ಲಿ ಪಾತ್ರಧಾರಿಯೇ ಅಲ್ಲ. ಯುರೋಪಿನ ಒಂದು ಹೊಳೆಗೂ ಇಂಥದೇ ಪಾಡು ಬಂದಿತ್ತು. 1986ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು, ಆರಿಸಿದ ನೀರಿನ ಜೊತೆ ಕೀಟನಾಶಕ ಹರಿದು ರೈನ್ ನದಿ ಕೆಂಪಾಯಿತು, ಮೀನು ರಾಶಿಗಟ್ಟಲೆ ಸತ್ತವು. ಆ ಹೊಳೆ ಹಲವು ದೇಶ ದಾಟುತ್ತದೆ. ಅಲ್ಲೂ ಮೊದಲು ಜನ ಬೀದಿಗೆ ಬಂದರು. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಬಂದ ಯುರೋಪಿನ ನೀರಿನ ಚೌಕಟ್ಟು ಕಾನೂನು, ಗಡಿ ಲೆಕ್ಕಿಸದೆ ಇಡೀ ಜಲಾನಯನ ಪ್ರದೇಶವನ್ನೇ ಒಂದು ಘಟಕವೆಂದು ಹಿಡಿಯಿತು. ಪಾರ್ಲಿಮೆಂಟು ಮತ್ತು ಮಂತ್ರಿಮಂಡಳಿ ಸಂಧಾನ ಸಮಿತಿಯಲ್ಲಿ ಕೂತು ಜಗ್ಗಾಡಿ ಒಪ್ಪಿದ ಪಠ್ಯ ಅದು. ಪೊಟ್ಟರಿಂಗ್ ಅದರ ಕರ್ತೃ ಅಲ್ಲ. ಸದನಕ್ಕೆ ಕೈ ಇತ್ತು ಎಂಬುದಷ್ಟೇ ನನ್ನ ಸಾಕ್ಷಿ.

ಈಗ ಆಕ್ಷೇಪಣೆಗಳು. ಯುರೋಪಿನದು ಹಲವು ದೇಶಗಳ ಮೇಲಿನ ಸದನ, ನಮ್ಮದು ಒಂದು ದೇಶದ್ದು, ಎರಡನ್ನೂ ತಕ್ಕಡಿಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ದೇಶ ಎಂಬ ಪದ ಬಿಟ್ಟು ಮತದಾರನಿಗೂ ಸದನಕ್ಕೂ ಇರುವ ದೂರ ನೋಡಿ. ಜರ್ಮನಿಯ 8.4 ಕೋಟಿ ಜನಕ್ಕೆ ಅಲ್ಲಿ 96 ಸದಸ್ಯರು, ಅಂದರೆ ಒಬ್ಬರ ಪಾಲಿಗೆ ಒಂಬತ್ತು ಲಕ್ಷಕ್ಕೂ ಕಡಿಮೆ ಜನ. ದಾವಣಗೆರೆಯ ಒಬ್ಬ ಸದಸ್ಯರ ಹಿಂದೆ ಮತದಾರರೇ ಸುಮಾರು 17 ಲಕ್ಷ. ಅಲ್ಲಿ 24 ಭಾಷೆಗಳಲ್ಲಿ ಮಾತಾಡಬಹುದು. ನಮ್ಮಲ್ಲಿ 1967ರಲ್ಲಿ ಶಿವಮೊಗ್ಗದಿಂದ ಹೋದ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಕನ್ನಡದಲ್ಲೇ ಎದ್ದು ಮಾತಾಡಿದ್ದು ಲೋಕಸಭೆಗೆ ಹೊಸ ಸಂಗತಿಯಾಗಿತ್ತು. ಜನಸಂಖ್ಯೆ, ಭಾಷೆ, ದೂರ ಯಾವುದರಲ್ಲೂ ನಮ್ಮ ಸದನ ಅದಕ್ಕಿಂತ ಸರಳವಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಹಿರಿತನವನ್ನು ಹೊಗಳಿದರೆ ಮನೆತನದ ರಾಜಕಾರಣವನ್ನೇ ಹೊಗಳಿದಂತಾಗುವುದಿಲ್ಲವೇ? 1996ರಿಂದ ಈ ಸ್ಥಾನ ಎರಡು ಮನೆಗಳ ನಡುವೆಯೇ ಓಡಾಡಿದೆ. 2024ರಲ್ಲಿ 26,094 ಮತಗಳಿಂದ ಗೆದ್ದ ಪ್ರಭಾ ಮಲ್ಲಿಕಾರ್ಜುನ್ ಶಿವಶಂಕರಪ್ಪನವರ ಮನೆಯ ಸೊಸೆ, ಸೋತ ಗಾಯತ್ರಿ ಸಿದ್ದೇಶ್ವರ ಮಲ್ಲಿಕಾರ್ಜುನಪ್ಪನವರ ಮನೆಯ ಸೊಸೆ. ಇದಕ್ಕೆ ಯುರೋಪ್ ಉತ್ತರವಲ್ಲ ಎಂದು ಒಪ್ಪಲೇಬೇಕು. ಜರ್ಮನಿಯಲ್ಲಿ ಮತ ಹಾಕುವುದು ಪಕ್ಷದ ಪಟ್ಟಿಗೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದು ಪಕ್ಷದ ಕೈಲಿ. ಮತದಾರ ಅದನ್ನು ಬದಲಿಸಲಾರ. ಏಳು ಅವಧಿ ಉಳಿಯಲು ಪೊಟ್ಟರಿಂಗ್‌ಗೆ ಬೇಕಾದದ್ದು ತಮ್ಮ ಪಕ್ಷದ ವಿಶ್ವಾಸ. ಇನ್ನೂ ಕಹಿ ಸಂಗತಿ ಇದೆ. ಸದನದ ಅಧಿಕಾರ ಏರುತ್ತ ಹೋದಂತೆ ಮತಗಟ್ಟೆಗೆ ಬರುವವರು ಇಳಿದರು: 1979ರಲ್ಲಿ ನೂರಕ್ಕೆ 62, 2014ರಲ್ಲಿ 43ರ ಆಸುಪಾಸು. ದಾವಣಗೆರೆಯಲ್ಲಿ 2024ರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ಮತ ಹಾಕಿದ್ದಾರೆ. ಅವರಲ್ಲಿ ಬಲವಾದ ಸದನ, ನಿರಾಸಕ್ತ ಮತದಾರ. ನಮ್ಮಲ್ಲಿ ಹುರುಪಿನ ಮತದಾರ, ಬಡಕಲು ಸದನ. ಸದನ ಬಲವಾದರೆ ಎಲ್ಲ ಸರಿಹೋಗುತ್ತದೆ ಎಂಬ ವಾದ ನನ್ನದಲ್ಲ. ಆದರೆ ಈ ಎರಡು ಕೊರತೆಗಳಲ್ಲಿ ತಿದ್ದಲು ಸುಲಭವಾದದ್ದು ನಮ್ಮದೇ ಎಂದು ನನ್ನ ಎಣಿಕೆ, ಯಾಕೆಂದರೆ ಜನ ಈಗಾಗಲೇ ಸಾಲಿನಲ್ಲಿ ನಿಂತಿದ್ದಾರೆ.

ತಿದ್ದುವುದಕ್ಕೆ ಹೊಸ ಆಲೋಚನೆ ಹುಡುಕಬೇಕಾಗಿಯೂ ಇಲ್ಲ. ಪಕ್ಷಾಂತರ ನಿಷೇಧವನ್ನು ಸರ್ಕಾರದ ಅಳಿವು ಉಳಿವಿನ ಮತಗಳಿಗೆ ಸೀಮಿತಗೊಳಿಸಿ, ಉಳಿದ ಕಡೆ ಸದಸ್ಯರನ್ನು ಬಿಡಿ ಎಂಬ ಅರ್ಥದ ಸಲಹೆಯನ್ನು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಕೊಟ್ಟಿದೆ. ಅದು ಜಾರಿಗೆ ಬಂದರೆ ಮೆಕ್ಕೆಜೋಳದ ಸುಂಕದ ಮೇಲೆ ದಾವಣಗೆರೆಯ ಸದಸ್ಯರೂ ಹಾವೇರಿಯ ಸದಸ್ಯರೂ ಪಕ್ಷ ಬೇರೆಯಾದರೂ ಒಂದೇ ಕಡೆ ಮತ ಹಾಕಬಹುದು. ಹೊಳೆಯ ಎರಡೂ ದಡದವರು ಒಂದೇ ತಿದ್ದುಪಡಿಗೆ ಸಹಿ ಹಾಕಬಹುದು. ಎಲ್ಲ ಮಸೂದೆಗಳೂ ಸಮಿತಿಗೆ ಹೋಗಲೇಬೇಕು ಎಂಬ ನಿಯಮಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಡ, ಸದನದ ಕಾರ್ಯವಿಧಾನ ಬದಲಿಸಿದರೆ ಸಾಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರು ಯಾವ ಮನೆಯವರೇ ಆಗಲಿ, ಯಾವ ಸಮಿತಿಯಲ್ಲಿದ್ದಿರಿ, ಎಷ್ಟು ಸಭೆಗೆ ಹೋದಿರಿ, ಯಾವ ಕಲಮಿಗೆ ತಿದ್ದುಪಡಿ ತಂದಿರಿ ಎಂದು ಎಪಿಎಂಸಿಯ ವರ್ತಕರೂ ರೈತಸಂಘದವರೂ ಕೇಳಬಹುದು. ಇದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.